ಟುಪಾಕ್ ಬಗ್ಗೆ ಮಾತಾಡುವಾಗ ಅವನ ಅಮ್ಮನನ್ನು ಬಿಡಬೇಡಿ

ಅಮೆರಿಕದ ರ‍್ಯಾಪ್ ಗಾಯಕ ಟುಪಾಕ್ ಶಕೂರ್ ಅಂದ ಕೂಡಲೇ ಎಲ್ಲರೂ ಗುಂಡೇಟಿನ ಕಥೆ ಶುರು ಮಾಡುತ್ತಾರೆ. 1996ರ ಸೆಪ್ಟೆಂಬರ್ 7, ಲಾಸ್ ವೇಗಸ್, ಟೈಸನ್ ಬಾಕ್ಸಿಂಗ್ ನೋಡಿ ಹೊರಟ ಕಾರು. ಆರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಬರೀ 25 ವಯಸ್ಸು. ಯಾರು ಹೊಡೆದರು, ಯಾಕೆ ಹೊಡೆದರು ಅನ್ನುವ ಚರ್ಚೆಗೆ ಇವತ್ತಿಗೂ ಜನ ರೆಡಿ.

ನನ್ನನ್ನು ಕಾಡುವುದು ಅವನ ಅಮ್ಮ ಅಫೇನಿ.

ಆಕೆ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. ನ್ಯೂಯಾರ್ಕಿನಲ್ಲಿ ಬಾಂಬ್ ಇಡಲು ಸಂಚು ಮಾಡಿದರು ಅಂತ 21 ಜನರ ಮೇಲೆ ಕೇಸು ಬಿತ್ತು, ಅದರಲ್ಲಿ ಇವರೂ ಒಬ್ಬರು. ಹೊಟ್ಟೆಯಲ್ಲಿ ಮಗು, ಇರುವುದು ಜೈಲಿನಲ್ಲಿ. ದಿನಕ್ಕೊಂದು ಮೊಟ್ಟೆ, ಒಂದು ಲೋಟ ಹಾಲು ಸಿಗಲೂ ಕೋರ್ಟಿನ ಆದೇಶ ತರಬೇಕಾಯಿತು ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಕಾನೂನು ಓದಿದವರಲ್ಲ. ಆದರೂ ವಕೀಲರನ್ನು ಇಟ್ಟುಕೊಳ್ಳದೆ ತಮ್ಮ ಕೇಸು ತಾವೇ ವಾದಿಸಿದರು. ಪಕ್ಷದವನಂತೆ ನಟಿಸುತ್ತಾ ಒಳಗೆ ಸೇರಿದ್ದ ಪೊಲೀಸನಿಗೆ ಪಾಟೀಸವಾಲು ಹಾಕಿದರು. 1971ರ ಮೇ ತಿಂಗಳಲ್ಲಿ ಖುಲಾಸೆ. ಜೂನ್ 16ಕ್ಕೆ ಮಗ ಹುಟ್ಟಿದ. ಸ್ಪೇನಿನವರ ವಿರುದ್ಧ ದಂಗೆ ಎದ್ದ ಪೆರುವಿನ ಟುಪಾಕ್ ಅಮಾರುವಿನ ಹೆಸರು ಅವನಿಗೆ ಬಂತು.

ಹುಡುಗ ಬಾಲ್ಟಿಮೋರಿನ ಕಲಾಶಾಲೆಯಲ್ಲಿ ನಾಟಕ, ಕವಿತೆ, ಬ್ಯಾಲೆ ಕಲಿತ. ಒಂದು ಬ್ಯಾಲೆಯಲ್ಲಿ ಇಲಿರಾಜನ ಪಾತ್ರ ಬೇರೆ! ಹೌದು, ಹೊಟ್ಟೆ ಮೇಲೆ ಥಗ್ ಲೈಫ್ (ರೌಡಿ ಬದುಕು) ಅಂತ ಹಚ್ಚೆ ಹಾಕಿಸಿಕೊಂಡಿದ್ದನಲ್ಲ, ಅವನೇ.

ಅಷ್ಟು ಗಟ್ಟಿ ಹೆಂಗಸು ಕೊನೆಗೆ ಕ್ರ್ಯಾಕ್ ಅನ್ನುವ ಮಾದಕದ ಚಟಕ್ಕೆ ಬಿದ್ದರು. ಮಗ 1995ರಲ್ಲಿ 'ಡಿಯರ್ ಮಾಮಾ' ಹಾಡಿದಾಗ ಅದನ್ನು ಮುಚ್ಚಿಡಲಿಲ್ಲ. ನಮ್ಮ ಸಿನಿಮಾ ಹಾಡುಗಳಲ್ಲಿ ಅಮ್ಮ ಅಂದರೆ ದೇವರು, ಅಲ್ಲಿಗೆ ಮುಗಿಯಿತು. ಇಲ್ಲಿ ಅಮ್ಮನ ಚಟವೂ ಇದೆ, ಅವಳ ಅಡುಗೆಯೂ ಇದೆ, ಅವಳ ಮೇಲಿನ ಪ್ರೀತಿಯೂ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಈ ಹಾಡನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಸರಿಯಾಗೇ ಮಾಡಿತು.

ಈಗ ಅಭಿಮಾನಿಗಳು ನುಂಗಿಕೊಳ್ಳುವ ವಿಷಯ. 1991ರ ಮೊದಲ ಆಲ್ಬಮ್ಮಿನಲ್ಲೇ, ಹೆತ್ತ ಕೂಸನ್ನು ಕಸಕ್ಕೆ ಎಸೆದ 12 ವರ್ಷದ ಹುಡುಗಿಯ ಸಂಕಟವನ್ನು ಹಾಡಿದವನು ಇವನು. 1994ರ ಡಿಸೆಂಬರಿನಲ್ಲಿ ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ ತಪ್ಪಿತಸ್ಥ ಅಂತ ತೀರ್ಪಾದವನೂ ಇವನೇ. ತಾನು ಮಾಡಿಲ್ಲ ಅಂತಲೇ ಹೇಳುತ್ತಿದ್ದ. ಅವನು ಜೈಲಿನಲ್ಲಿದ್ದಾಗಲೇ ಹೊಸ ಆಲ್ಬಮ್ ಅಮೆರಿಕದಲ್ಲಿ ನಂಬರ್ ಒನ್ ಆಯಿತು. 'ಕಲೆ ಬೇರೆ, ಮನುಷ್ಯ ಬೇರೆ' ಅಂತ ಸುಮ್ನೆ ದಾಟಿಹೋಗಲು ನನಗೆ ಆಗುವುದಿಲ್ಲ. ಅಮ್ಮನ ಹಾಡು ಈಗಲೂ ಕೇಳುತ್ತೇನೆ. ಹೆಂಗಸರನ್ನು ಬೈಯುವ ಹಾಡುಗಳು ಬಂದರೆ ಮುಂದಕ್ಕೆ ಒತ್ತುತ್ತೇನೆ.

ಅಷ್ಟರಲ್ಲಿ ಅಫೇನಿ ಚಟ ಬಿಟ್ಟು ಎದ್ದಿದ್ದರು. ಮಗ ಸತ್ತ ಮೇಲೆ ಅವನು ಹಾಡಿಟ್ಟು ಹೋಗಿದ್ದನ್ನೆಲ್ಲ ಆಲ್ಬಮ್ ಮಾಡಿ ಹೊರತಂದರು. 2005ರಲ್ಲಿ ಅವನ ಹೆಸರಿನಲ್ಲಿ ಮಕ್ಕಳಿಗೆ ಕಲಾಕೇಂದ್ರ ತೆರೆದರು. ಎಲ್ಲಿ ಗೊತ್ತಾ? ಜಾರ್ಜಿಯಾದ ಸ್ಟೋನ್ ಮೌಂಟನ್‌ನಲ್ಲಿ. ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಸಂಘಟನೆ ಕು ಕ್ಲಕ್ಸ್ ಕ್ಲಾನ್ 1915ರಲ್ಲಿ ಮತ್ತೆ ಹುಟ್ಟಿಕೊಂಡಿದ್ದು ಅದೇ ಊರಿನ ಬಂಡೆಬೆಟ್ಟದ ಮೇಲೆ.