ಮಳೆ ಪುಸ್ತಕಕ್ಕೆ ಸಿಗದ ಚಳಿಗಾಲದ ಲೆಕ್ಕ

2025ರ ಫೆಬ್ರುವರಿಯು 1901ರಿಂದೀಚೆಗೆ ಭಾರತ ಕಂಡ ಅತ್ಯಂತ ಬಿಸಿಯಾದ ಫೆಬ್ರುವರಿ ಎಂದು ಹವಾಮಾನ ಇಲಾಖೆ ಪ್ರಕಟಿಸಿದಾಗ ನಮ್ಮ ಮೂಡಿಗೆರೆ, ಸಕಲೇಶಪುರದ ಕಡೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2023ರ ಫೆಬ್ರುವರಿಯಲ್ಲೂ, ಹಗಲಿನ ಗರಿಷ್ಠ ಉಷ್ಣಾಂಶದ ಸರಾಸರಿ ಹೀಗೆಯೇ ಹಳೆಯ ದಾಖಲೆಗಳನ್ನೆಲ್ಲ ಮೀರಿತ್ತು. "ಈ ವರ್ಷ ಚಳಿಯೇ ಬೀಳಲಿಲ್ಲ ಮಾರಾಯ್ರೆ" ಎಂದು ಕಣದಲ್ಲಿ ಕಾಫಿ ಹರಡುತ್ತಾ ಒಂದು ಮಾತು ಹೇಳಿ, ಹಣ್ಣು ಬೇಗ ಒಣಗಿತಲ್ಲ ಎಂದು ಒಳಗೊಳಗೇ ಸಮಾಧಾನ ಪಟ್ಟವರೂ ಇದ್ದಾರೆ. ಚಳಿ ಕಡಿಮೆಯಾಗುವುದು ನಮ್ಮ ಪಾಲಿಗೆ ಕಂಬಳಿ ಬೇಕೋ ಬೇಡವೋ ಎಂಬಷ್ಟರ ಪ್ರಶ್ನೆಯಾಗಿಯೇ ಉಳಿದಿದೆ. ಅದು ನೀರಿನ ಪ್ರಶ್ನೆ ಎಂಬುದನ್ನು ವಿವರಿಸಲು ಈ ಬರಹ.

ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡವರು ಹಿಮ ಬೀಳುವ ನಾಡಿನ ಜನ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಮಳೆ-ಹಿಮ ಬರುವುದು ಹೆಚ್ಚಾಗಿ ಚಳಿಗಾಲದಲ್ಲಿ, ನೀರು ಬೇಕಾಗುವುದು ಬೇಸಿಗೆಯಲ್ಲಿ. ನಡುವಿನ ಅಂತರವನ್ನು ತುಂಬುವುದು ಬೆಟ್ಟದ ಮೇಲೆ ಕೂತ ಹಿಮ. ಕ್ಯಾಲಿಫೋರ್ನಿಯಾ ಬಳಸುವ ನೀರಿನಲ್ಲಿ ಸುಮಾರು ಶೇ. 30ರಷ್ಟು ಸಿಯೆರಾ ನೆವಾಡಾ ಪರ್ವತಗಳ ಹಿಮ ಕರಗಿ ಬರುವುದು. ಯಾವ ಎಂಜಿನಿಯರೂ ಕಟ್ಟದ ಈ ಕಣಜದಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯುವ ವಿಧಾನವನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೂಪಿಸಿದವರು ಜೇಮ್ಸ್ ಚರ್ಚ್ ಎಂಬ ನೆವಾಡಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಅವರು ಪಾಠ ಹೇಳುತ್ತಿದ್ದದ್ದು ಲ್ಯಾಟಿನ್ ಮತ್ತು ಪ್ರಾಚೀನ ಸಾಹಿತ್ಯವನ್ನು ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ಟೊಳ್ಳು ಕೊಳವೆಯನ್ನು ಹಿಮದೊಳಗೆ ಬುಡದವರೆಗೂ ಇಳಿಸಿ, ಮೇಲೆತ್ತಿ, ತೂಗುವುದು. ತೂಕದಿಂದ ಆ ಹಿಮದಲ್ಲಿ ಎಷ್ಟು ಅಂಗುಲ ನೀರಿದೆ ಎಂದು ಕಂಡುಕೊಳ್ಳುವುದು. ಇಷ್ಟೇ ವಿದ್ಯೆ. ಇಂದಿಗೂ ಅಲ್ಲಿ ಏಪ್ರಿಲ್ 1ರ ಸುಮಾರಿಗೆ, ಅಂದರೆ ಹಿಮ ಗರಿಷ್ಠ ಮಟ್ಟದಲ್ಲಿರುವ ಹೊತ್ತಿಗೆ, ಹೀಗೆ ಅಳೆದು ಆ ವರ್ಷದ ನೀರಿನ ಹಂಚಿಕೆಯನ್ನು ಅಂದಾಜು ಮಾಡುತ್ತಾರೆ.

2015ರ ಏಪ್ರಿಲ್ 1ರಂದು ಕ್ಯಾಲಿಫೋರ್ನಿಯಾದ ಅಂದಿನ ಗವರ್ನರ್ ಜೆರ್ರಿ ಬ್ರೌನ್ ಆ ಅಳತೆಯ ಜಾಗಕ್ಕೆ ಹೋದಾಗ ಕಾಲ ಕೆಳಗೆ ಇದ್ದದ್ದು ಒಣಹುಲ್ಲು. ರಾಜ್ಯದ ಒಟ್ಟು ಹಿಮ ಆ ದಿನದ ವಾಡಿಕೆಯ ಶೇ. 5ರಷ್ಟು ಮಾತ್ರ ಉಳಿದಿತ್ತು. ನಗರಗಳ ನೀರಿನ ಬಳಕೆಯನ್ನು ಶೇ. 25ರಷ್ಟು ಕಡಿತಗೊಳಿಸುವ ಆದೇಶ ಹೊರಬಿದ್ದದ್ದು ಅಲ್ಲಿಯೇ. ಕ್ಯಾಲಿಫೋರ್ನಿಯಾಕ್ಕೆ ಅದು ಬರಗಾಲದ ನಾಲ್ಕನೇ ವರ್ಷವೂ ಹೌದಾದ್ದರಿಂದ ಮಳೆಯ ಕೊರತೆಯ ಪಾಲೂ ಅದರಲ್ಲಿ ಇತ್ತು. ನಾವು ಹೆಚ್ಚು ಗಮನಿಸಬೇಕಾದದ್ದು ಅದೇ ವರ್ಷ ಉತ್ತರದ ವಾಷಿಂಗ್ಟನ್ ರಾಜ್ಯದಲ್ಲಿ ಆದದ್ದನ್ನು. ಅಲ್ಲಿ ಆ ಚಳಿಗಾಲದಲ್ಲಿ ಬಿದ್ದ ಒಟ್ಟು ನೀರು ಹೆಚ್ಚುಕಡಿಮೆ ವಾಡಿಕೆಯಷ್ಟೇ ಇತ್ತು; ಆದರೆ ಗಾಳಿ ಬೆಚ್ಚಗಿದ್ದ ಕಾರಣ ಹಿಮವಾಗಿ ಬೀಳಬೇಕಾದದ್ದು ಮಳೆಯಾಗಿ ಬಿದ್ದು, ಬೇಕಾಗುವ ಕಾಲಕ್ಕೆ ತಿಂಗಳುಗಳ ಮೊದಲೇ ಹರಿದುಹೋಯಿತು. ಮೇ ತಿಂಗಳಲ್ಲಿ ಇಡೀ ರಾಜ್ಯಕ್ಕೆ ಬರ ಘೋಷಣೆಯಾಯಿತು. ಬಾನಿನಿಂದ ಬಂದ ನೀರಿನ ಲೆಕ್ಕ ಸರಿಯಿದ್ದೂ ಬರ ಬರಬಹುದು ಎಂಬುದು ಅಲ್ಲಿ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಕಾಣಿಸಿತು.

ನಮ್ಮ ದೇಶದಲ್ಲೇ ನೋಡುವುದಾದರೆ, ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಗೆ 'ಚಿಲ್ಲೈ ಕಲಾನ್' ಎನ್ನುತ್ತಾರೆ. ಆ ಅವಧಿಯಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಕೂತು ನಿಧಾನವಾಗಿ ಕರಗುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಹಿಮವಿಲ್ಲದೆ ಕಂದು ಬಣ್ಣಕ್ಕೆ ತಿರುಗಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಪ್ರವಾಸಿಗರ ನಿರಾಸೆಯೇ ಅಂದು ದೊಡ್ಡ ಸುದ್ದಿಯಾಯಿತು. ಝೇಲಂ ದಂಡೆಯ ಭತ್ತದ ಗದ್ದೆಯವರ ಆತಂಕ ಅಷ್ಟು ಸುದ್ದಿಯಾಗಲಿಲ್ಲ. ಮರುವರ್ಷ, 2025ರಲ್ಲಿ, ಹಿಂದೂಕುಷ್-ಹಿಮಾಲಯ ಪ್ರದೇಶದಲ್ಲಿ ಹಿಮ ನೆಲದ ಮೇಲೆ ಉಳಿಯುವ ಪ್ರಮಾಣ ವಾಡಿಕೆಗಿಂತ ಶೇ. 23.6ರಷ್ಟು ಕಡಿಮೆಯಾಗಿ, 23 ವರ್ಷಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿದಿದೆ ಎಂದು ಪರ್ವತ ಪ್ರದೇಶಗಳ ಅಧ್ಯಯನ ನಡೆಸುವ ಕಠ್ಮಂಡುವಿನ ಇಸಿಮೋಡ್ ಸಂಸ್ಥೆ ವರದಿ ಮಾಡಿತು.

ಇದಕ್ಕೂ ಮಲೆನಾಡಿಗೂ ಏನು ಸಂಬಂಧ ಎಂದು ಕೇಳಬಹುದು. ಹೇಮಾವತಿಗೂ ಭದ್ರೆಗೂ ಹಿಮದ ಒಂದು ಹನಿಯೂ ಬರುವುದಿಲ್ಲ. ಕರ್ನಾಟಕದಲ್ಲೇ ಅತಿ ಎತ್ತರವಾದ, 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯಲ್ಲೂ ಹಿಮ ಕೂರುವುದಿಲ್ಲ. ಆದರೂ ನಮ್ಮ ಸಮಸ್ಯೆಯ ಸ್ವರೂಪ ಅವರದ್ದೇ. ಅವರಂತೆ ನಮಗೂ ನೀರು ಬರುವ ಕಾಲ ಒಂದು, ಬೇಕಾಗುವ ಕಾಲ ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದನ್ನು ಮಾರ್ಚ್, ಏಪ್ರಿಲ್‌ವರೆಗೆ ಹಿಡಿದಿಡುವುದು ಹುಲ್ಲುಗಾವಲು ಮತ್ತು ಬೆಟ್ಟದ ಮಡಿಲಿನ ದಟ್ಟ ಶೋಲಾ ಕಾಡುಗಳ ಅಡಿಯ ಆಳವಾದ ಮಣ್ಣು, ಕಣಿವೆಯ ಗದ್ದೆಗಳು, ಬಿರುಕು ಬಿಟ್ಟ ಬಂಡೆಯೊಳಗಿನ ಸೆಲೆ. ಜಾವಳಿಯ ಬಳಿ ಹುಟ್ಟುವ ಹೇಮಾವತಿ, ಬಾಬಾಬುಡನ್‌ಗಿರಿ ಶ್ರೇಣಿಯಿಂದ ಇಳಿಯುವ ಯಗಚಿ ಮತ್ತು ವೇದಾವತಿ, ಇವೆಲ್ಲ ಶಿವರಾತ್ರಿಯ ಹೊತ್ತಿಗೂ ಹರಿಯುತ್ತಿದ್ದರೆ ಅದು ಆರು ತಿಂಗಳ ಹಿಂದಿನ ಮಳೆಯ ಉಳಿಕೆ.

ಆ ಉಳಿಕೆಯನ್ನು ಕಾಪಾಡುವ ಕೆಲಸದಲ್ಲಿ ಚಳಿಯ ಪಾತ್ರವೂ ಇದೆ ಎಂಬುದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಅದು ಹಿಡಿದುಕೊಳ್ಳಬಲ್ಲ ತೇವಾಂಶ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಮಳೆಗಾಲದಲ್ಲಿ ಇದರಿಂದ ಜೋರು ಮಳೆ ಬರುತ್ತದೆ. ಮಳೆಯಿಲ್ಲದ ಜನವರಿಯಲ್ಲಿ ಅದೇ ಗಾಳಿ ಎಲೆ, ಮಣ್ಣು, ಕೆರೆಗಳಿಂದ ನೀರನ್ನು ಹೀರುತ್ತದೆ. ಧನುರ್ಮಾಸದಲ್ಲಿ ಬೆಳಿಗ್ಗೆ ಹೊತ್ತೇರುವವರೆಗೂ ಕಾವಳ ಕವಿದು, ಕಾಫಿ ಎಲೆಯ ಮೇಲೆ ಇಬ್ಬನಿ ನಿಂತಿದ್ದಷ್ಟು ಹೊತ್ತು ಗಿಡ ಬೇರಿನಿಂದ ನೀರೆಳೆಯುವುದು ತೀರಾ ಕಡಿಮೆ. ಇಬ್ಬನಿಯ ನೀರೇ ದೊಡ್ಡದಲ್ಲ, ಅದು ತಡೆದು ನಿಲ್ಲಿಸುವ ಖರ್ಚು ದೊಡ್ಡದು. ಕಾವಳ ಬೇಗ ಚದುರಿ, ಎಂಟು ಗಂಟೆಗೇ ಬಿಸಿಲು ಚುರುಗುಟ್ಟುವ ಚಳಿಗಾಲದಲ್ಲಿ ತೋಟದ ಪ್ರತಿಯೊಂದು ಮರವೂ ದಿನಕ್ಕೆ ಎರಡು ಮೂರು ಗಂಟೆ ಹೆಚ್ಚು ಹೊತ್ತು ನೆಲದ ನೀರನ್ನು ಎಳೆಯುತ್ತದೆ. ಹೀಗೆ ಎರಡು ತಿಂಗಳು ನಡೆದರೆ ಹಳ್ಳದ ಪಾಲು ಅಷ್ಟರ ಮಟ್ಟಿಗೆ ಕುಗ್ಗುತ್ತದೆ. ಹುಲ್ಲು ಬೇಗ ಒಣಗುವುದರಿಂದ ಬೆಟ್ಟಕ್ಕೆ ಬೆಂಕಿ ಬೀಳುವ ಕಾಲವೂ ಮುಂಚೆಯೇ ಬರುತ್ತದೆ. ಸುಟ್ಟ ಬೋಳು ನೆಲ ಮುಂದಿನ ಮಳೆಯ ಮೊದಲ ಹೊಡೆತವನ್ನು ಇಂಗಿಸದೆ ಮಣ್ಣಿನ ಸಮೇತ ಕೆಳಗೆ ಕಳಿಸುತ್ತದೆ.

ಖರ್ಚಿನ ಇನ್ನೊಂದು ಬದಿಯಲ್ಲಿ ನಾವೇ ಇದ್ದೇವೆ. ರೊಬಸ್ಟಾ ಕಾಫಿಯ ಮೊಗ್ಗು ಒಣಹವೆಯಲ್ಲಿ ಕೆಲವು ವಾರ ಬಾಯಾರಿ, ಆಮೇಲೆ ಒಂದು ಹದವಾದ ಮಳೆ ಸಿಕ್ಕರೆ ವಾರ-ಹತ್ತು ದಿನದಲ್ಲಿ ಅರಳುತ್ತದೆ. ಹೂಮಳೆಯನ್ನು ಕಾಯುತ್ತ ಕೂರುವ ಧೈರ್ಯ ಈಗ ಯಾರಿಗೂ ಇಲ್ಲವಾದ್ದರಿಂದ ಫೆಬ್ರುವರಿಯಲ್ಲೇ ಸ್ಪ್ರಿಂಕ್ಲರ್ ಹೂಡುತ್ತೇವೆ. ಹೂ ಉದುರಿ ಎರಡು ಮೂರು ವಾರದೊಳಗೆ ಕಾಯಿ ಕಟ್ಟಲು ಮತ್ತೊಂದು ಸಲ ಕೊಡುತ್ತೇವೆ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಹತ್ತು ಎಕರೆಯ ಸಣ್ಣ ತೋಟಕ್ಕೆ ಒಂದೂವರೆ ಇಂಚು ಕೊಡಲು ಹದಿನೈದು ಲಕ್ಷ ಲೀಟರ್ ಬೇಕು. ಸೆಕೆಂಡಿಗೆ ಐದು ಲೀಟರ್ ಹರಿಯುವ ಹಳ್ಳ ದಿನವಿಡೀ ತರುವುದು ನಾಲ್ಕು ಲಕ್ಷದ ಮೂವತ್ತೆರಡು ಸಾವಿರ ಲೀಟರ್. ಅಂದರೆ ಒಂದೇ ತೋಟದ ಒಂದೇ ಸುತ್ತಿಗೆ ಇಡೀ ಹಳ್ಳವನ್ನು ಮೂರೂವರೆ ದಿನ ಹಿಡಿದು ನಿಲ್ಲಿಸಬೇಕು. ಅದೇ ಹಳ್ಳದ ಮೇಲೆ ಎಷ್ಟು ಮೋಟಾರುಗಳಿವೆ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನಲ್ಲಿ ಎಣಿಸಿಕೊಳ್ಳಬಹುದು. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ ಮೇಲೆ ಅರೇಬಿಕಾ ಕಿತ್ತು ರೊಬಸ್ಟಾ ಹಾಕುವ ಉತ್ಸಾಹವೂ ಹೆಚ್ಚಿದೆ. ಬೆಚ್ಚಗಿನ ಚಳಿಗಾಲದಲ್ಲಿ ಮಣ್ಣು ಬೇಗ ಒಣಗುವುದರಿಂದ ಸ್ಪ್ರಿಂಕ್ಲರ್ ಹೂಡುವ ದಿನವೂ ಮುಂಚೆಯೇ ಬರುತ್ತದೆ. ಹಳ್ಳ ಸೊರಗುವುದೂ ನಾವು ಅದಕ್ಕೆ ಪೈಪು ಇಳಿಸುವುದೂ ಒಂದೇ ವಾರದಲ್ಲಿ ನಡೆಯುತ್ತದೆ.

ಎಲ್ಲ ತಪ್ಪನ್ನೂ ಬಿಸಿ ಗಾಳಿಯ ತಲೆಗೆ ಕಟ್ಟುವುದು ಅನುಕೂಲದ ಮಾತಾದೀತು. ನಾಲ್ಕು ತಿಂಗಳು ನೀರು ನಿಲ್ಲಿಸಿಕೊಂಡು ಕೆಳಗಿನ ಒರತೆಗಳಿಗೆ ಉಣಿಸುತ್ತಿದ್ದ ಗದ್ದೆಗಳಿಗೆ ಬಸಿಗಾಲುವೆ ತೆಗೆದು ಅಡಿಕೆ ಇಟ್ಟವರು, ಶುಂಠಿಗೆ ಗುತ್ತಿಗೆ ಕೊಟ್ಟವರು ನಾವು. ಮಳೆಯೂ ಮೊದಲಿನಂತೆ ತಿಂಗಳುಗಟ್ಟಲೆ ಜಿಟಿಜಿಟಿ ಹಿಡಿಯದೆ ಕೆಲವೇ ದಿನಗಳಲ್ಲಿ ಸುರಿದು ಹೋದರೆ ಇಂಗುವುದು ಕಡಿಮೆ, ಗುಡ್ಡ ಜಾರುವುದು ಹೆಚ್ಚು. ಆದರೆ ಈ ಕಾರಣಗಳ ಬಗ್ಗೆ ನಾವು ಆಗಾಗ ಮಾತಾಡುತ್ತೇವೆ, ಜಗಳವನ್ನೂ ಆಡುತ್ತೇವೆ. ಚಳಿಗಾಲದ ಬಗ್ಗೆ ಮಾತೇ ಇಲ್ಲ. ಗೊರೂರಿನ ಹೇಮಾವತಿ ಜಲಾಶಯದ 37.1 ಟಿಎಂಸಿ ತುಂಬಿ ಬಾಗಿನ ಬಿಟ್ಟರೆ ಆ ವರ್ಷದ ನೀರಿನ ಚರ್ಚೆ ಮುಗಿಯಿತೆಂದೇ ಎಲ್ಲರ ಭಾವನೆ. ಜಲಾಶಯ ತುಂಬುವುದು ಕೆಳಗಿನವರಿಗೆ ಭರವಸೆ ಸರಿ. ಮೇಲಿನ ಹಳ್ಳಿಗಳ ಕುಡಿಯುವ ನೀರು ಜಲಾಶಯದಿಂದ ಹತ್ತಿ ಬರುವುದಿಲ್ಲ. 2024ರ ಮುಂಗಾರು ಚೆನ್ನಾಗಿಯೇ ಸುರಿದು ಹೋದ ಬೆನ್ನಿಗೇ ದಾಖಲೆಯ ಬಿಸಿ ಫೆಬ್ರುವರಿ ಬಂದದ್ದನ್ನು ಇಲ್ಲಿ ನೆನಪಿಡಬೇಕು.

ವಿಚಿತ್ರವೆಂದರೆ ಲೆಕ್ಕ ಇಡುವ ಶಿಸ್ತಿನಲ್ಲಿ ನಮ್ಮ ತೋಟದ ಮನೆಗಳನ್ನು ಮೀರಿಸುವವರು ಕಡಿಮೆ. ಅಜ್ಜನ ಕಾಲದಿಂದ ಬಂದ ಮಳೆ ಪುಸ್ತಕ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಬೆಳಿಗ್ಗೆ ಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಎಂದು ಬರೆದು, ಪಕ್ಕದ ತೋಟದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಅವರದ್ದಕ್ಕಿಂತ ನಮ್ಮದು ಹತ್ತು ಸೆಂಟ್ ಹೆಚ್ಚು ಎಂದು ಬೀಗುವುದು ಇಲ್ಲಿನ ಮಳೆಗಾಲದ ಆಚಾರ. ಆ ಪುಸ್ತಕದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗಿನ ಪುಟಗಳು ಖಾಲಿ. ಬಂದ ನೀರನ್ನು ಸೆಂಟ್ ಬಿಡದೆ ಬರೆದ ನಾವು ಉಳಿದ ನೀರಿನ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಹೀಗಾಗಿ "ಮೊದಲೆಲ್ಲ ಯುಗಾದಿಯವರೆಗೂ ಹಳ್ಳ ನಿಲ್ಲುತ್ತಿರಲಿಲ್ಲ" ಎಂಬ ಹಿರಿಯರ ಮಾತನ್ನು ನಂಬುವುದಕ್ಕೂ ಆಗದು, ಅಲ್ಲಗಳೆಯುವುದಕ್ಕೂ ಆಗದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ 1925ರಿಂದ ಲೆಕ್ಕ ಹಿಡಿದರೆ ನೂರು ವರ್ಷ ತುಂಬಿದೆ. ಗಿಡದ ಬಗ್ಗೆ, ಹುಳದ ಬಗ್ಗೆ, ಗೊಬ್ಬರದ ಬಗ್ಗೆ ನಮಗೆ ತಿಳಿದಿರುವುದರ ಕಾಲು ಭಾಗದಷ್ಟೂ ನಮ್ಮದೇ ಹಳ್ಳದ ಬಗ್ಗೆ ತಿಳಿದಿಲ್ಲ.

ಇದಕ್ಕೆ ಸರ್ಕಾರದ ಯೋಜನೆಯನ್ನು ಕಾಯಬೇಕಿಲ್ಲ. ಗುಡ್ಡದ ಒರತೆಯಿಂದ ಹಿಂದೆ ಸೀಳಿದ ಮರದ ದಂಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ ನೀರು ತರುವ ಮನೆಗಳವರು ಪೈಪಿನ ಬಾಯಿಗೆ ಇಪ್ಪತ್ತು ಲೀಟರಿನ ಕ್ಯಾನ್ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದರೆ ಸಾಕು. ಸಣ್ಣ ಹಳ್ಳಕ್ಕೆ ಅಡ್ಡಲಾಗಿ ಒಂದು ಹಲಗೆ ನಿಲ್ಲಿಸಿ, ಅದರಲ್ಲಿ ಇಂಗ್ಲಿಷಿನ ವಿ ಆಕಾರದ, ಲಂಬಕೋನದ ಕಚ್ಚು ಕೊಯ್ದರೆ, ಅದರ ಮೂಲಕ ಎಷ್ಟು ಎತ್ತರದಲ್ಲಿ ನೀರು ಹರಿಯುತ್ತಿದೆ ಎಂಬುದರಿಂದಲೇ ಹರಿವು ತಿಳಿಯುತ್ತದೆ; ಕಚ್ಚಿನ ತಳದಿಂದ ಹತ್ತು ಸೆಂಟಿಮೀಟರ್ ಎತ್ತರವಿದ್ದರೆ ಸೆಕೆಂಡಿಗೆ ನಾಲ್ಕೂವರೆ ಲೀಟರಿನ ಆಸುಪಾಸು. ಅಳೆಯುವಾಗ ಹಲಗೆಯ ಮೇಲ್ಬದಿಯಲ್ಲಿ ಸ್ವಲ್ಪ ದೂರ ನಿಂತ ನೀರಿನ ಮಟ್ಟವನ್ನು ತೆಗೆದುಕೊಳ್ಳಬೇಕು, ಕಚ್ಚಿನ ಬಾಯಲ್ಲಿ ನೀರು ಬಾಗಿರುತ್ತದೆ. ಸಂಕ್ರಾಂತಿ, ಶಿವರಾತ್ರಿ, ಯುಗಾದಿ ಎಂದು ಹಬ್ಬಕ್ಕೆ ಜೋಡಿಸಿಕೊಂಡರೆ ಮರೆಯುವುದಿಲ್ಲವಾದರೂ ಚಾಂದ್ರಮಾನದ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುವುದರಿಂದ, ಜನವರಿಯಿಂದ ಏಪ್ರಿಲ್‌ವರೆಗೆ ಪ್ರತಿ ತಿಂಗಳ 1 ಮತ್ತು 15ನೇ ತಾರೀಖು ಎಂದು ಗೊತ್ತು ಮಾಡುವುದೇ ಮೇಲು. ಜೊತೆಗೆ ಒಂದು ಕನಿಷ್ಠ-ಗರಿಷ್ಠ ಥರ್ಮಾಮೀಟರನ್ನು ನೆರಳಿನಲ್ಲಿ ತೂಗುಹಾಕಬೇಕು. ರಾತ್ರಿಯ ಕನಿಷ್ಠ ಉಷ್ಣಾಂಶ ಇಲ್ಲದೆ ಈ ಲೆಕ್ಕ ಅಪೂರ್ಣ.

ಇದರ ಉಪಯೋಗ ಮುಂದಿನ ಪೀಳಿಗೆಗೆ ಮಾತ್ರ ಎಂದುಕೊಳ್ಳಬೇಡಿ. ಬೇಸಿಗೆ ಬಿಗಿಯಾದ ವರ್ಷಗಳಲ್ಲಿ ಹೊಳೆ-ಹಳ್ಳಗಳಿಗೆ ಮೋಟಾರು ಇಡಬಾರದೆಂದು ಆದೇಶ ಬರುವುದು, ಅಷ್ಟರಲ್ಲಿ ಮೇಲಿನ ತೋಟದವರು ನೀರು ಹೊಡೆದು ಮುಗಿಸಿರುವುದು, ಕೆಳಗಿನವರು ರಾತ್ರಿ ಕದ್ದು ಹೊಡೆಯುವುದು ನಮಗೆಲ್ಲ ಗೊತ್ತಿರುವ ಕಥೆ. ಜನವರಿ 15ರ ಅಳತೆ ಕೈಯಲ್ಲಿದ್ದರೆ, ಒಂದೇ ಹಳ್ಳದ ಮೇಲಿರುವ ಎಂಟು ಹತ್ತು ತೋಟದವರು ಬೆಳೆಗಾರರ ಸಂಘದ ಒಂದು ಸಭೆಯಲ್ಲಿ ಕೂತು, ಈ ಸಲ ನೀರು ಇಷ್ಟಿದೆ, ಕುಡಿಯುವ ನೀರಿಗೆ ಇಷ್ಟು ಬಿಟ್ಟು ಉಳಿದದ್ದನ್ನು ಯಾರು ಯಾವ ವಾರ ಎತ್ತಬೇಕು ಎಂದು ಸರದಿ ಹಾಕಿಕೊಳ್ಳಬಹುದು. ಕೆರೆ ಇರುವವರು ಡಿಸೆಂಬರ್‌ನಲ್ಲೇ, ಹಳ್ಳ ಮೈದುಂಬಿರುವಾಗಲೇ, ಕೆರೆ ತುಂಬಿಸಿಕೊಂಡು ಫೆಬ್ರುವರಿಯ ಹರಿವನ್ನು ಕೆರೆ ಇಲ್ಲದವರಿಗೆ ಬಿಡಬಹುದು. ದೊಡ್ಡ ತೋಟದವರು ಇದಕ್ಕೆ ಸುಲಭವಾಗಿ ಒಪ್ಪುತ್ತಾರೆಂಬ ಭ್ರಮೆ ನನಗಿಲ್ಲ. ಆದರೆ ಅಳತೆಯೇ ಇಲ್ಲದ ಸಭೆಯಲ್ಲಿ ಗೆಲ್ಲುವುದು ದನಿ ಮತ್ತು ಮೋಟಾರಿನ ಅಶ್ವಶಕ್ತಿ. ಅಂಕಿ ಮೇಜಿನ ಮೇಲಿದ್ದರೆ ಕಡೇಪಕ್ಷ ಕೆಳಗಿನ ತೋಟದವನಿಗೆ ಕೇಳುವುದಕ್ಕೊಂದು ಆಧಾರ ಇರುತ್ತದೆ. ನಮ್ಮ ಹಳ್ಳದ ಮೇಲಿನ ಕೆಲವರು ಈ ಡಿಸೆಂಬರ್‌ನಲ್ಲಿ ಹಲಗೆ ನಿಲ್ಲಿಸಲು ಒಪ್ಪಿದ್ದಾರೆ. ನಿಮ್ಮ ಕಡೆ ಯಾರಾದರೂ ಈಗಾಗಲೇ ಇಂಥ ಲೆಕ್ಕ ಇಟ್ಟಿದ್ದರೆ, ಎಷ್ಟೇ ಹಳೆಯದಾಗಿರಲಿ, ಎಷ್ಟೇ ಹರಕು ಪುಸ್ತಕದಲ್ಲಿರಲಿ, ಆ ಪುಟದ ಫೋಟೋ ಕಳಿಸಿಕೊಡಿ.