ಉಳಿದರೆ ನಿದ್ದೆಗೆ

ರಜೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಯಾರಿಗಾದರೂ ಫೋನ್ ಮಾಡಿ ನೋಡಿ. ಆ ಕಡೆಯಿಂದ ಒಂದು ದಪ್ಪ ದನಿ, ಅರ್ಧ ಗಂಟಲಲ್ಲೇ ಸಿಕ್ಕಿಕೊಂಡು, ‘ಹಲೋ’ ಎನ್ನುತ್ತದೆ. ‘ಮಲಗಿದ್ರಾ?’ ಎಂದು ನೀವು ಕೇಳುತ್ತೀರಿ. ‘ಇಲ್ಲ ಇಲ್ಲ, ಹೇಳಿ ಹೇಳಿ, ಎದ್ದೇ ಇದ್ದೆ.’ ಇದು ಸುಳ್ಳು ಎಂದು ಇಬ್ಬರಿಗೂ ಗೊತ್ತು. ಆದರೂ ಮಾತು ಮುಂದುವರಿಯುತ್ತದೆ. ಊಟದ ಮಧ್ಯೆ ಫೋನ್ ಬಂದರೆ ‘ಊಟಕ್ಕೆ ಕೂತಿದ್ದೀನಿ, ಆಮೇಲೆ ಮಾಡ್ತೀನಿ’ ಎಂದು ಯಾವ ಅಳುಕೂ ಇಲ್ಲದೆ ಹೇಳುವ ಮನುಷ್ಯ ನಿದ್ದೆಯ ವಿಷಯಕ್ಕೆ ಬಂದಾಗ ಮಾತ್ರ ತಡವರಿಸುತ್ತಾನೆ. ಹಸಿವಿಗೆ ಇರುವ ಮರ್ಯಾದೆ ನಿದ್ದೆಗೆ ಇಲ್ಲ.

ಇನ್ನೊಂದು ತಮಾಷೆ ಇದೆ. ‘ನಂಗೆ ಐದು ಗಂಟೆ ನಿದ್ದೆ ಸಾಕಪ್ಪ’ ಎಂದು ಎದೆಯುಬ್ಬಿಸಿ ಹೇಳುವವರು ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಕೇಳಿದವರು ‘ಹೌದಾ!’ ಎಂದು ಬೆರಗಾಗುತ್ತಾರೆ. ‘ನಾನು ದಿನಕ್ಕೆ ಎರಡೇ ಲೋಟ ನೀರು ಕುಡಿಯೋದು’ ಎಂದು ಅವರೇ ಹೇಳಿದ್ದರೆ ಡಾಕ್ಟರ ಹತ್ತಿರ ಹೋಗಿ ಅನ್ನುತ್ತಿದ್ದೆವು, ಅಲ್ವಾ? ಬಲ್ಬಿನ ಎಡಿಸನ್ ಕೂಡ ಇದೇ ಜಾತಿ. ಜಾಸ್ತಿ ಮಲಗುವುದು ಟೈಮ್ ವೇಸ್ಟ್ ಅನ್ನುವುದು ಅವನ ಗಟ್ಟಿ ಅಭಿಪ್ರಾಯ. ಆದರೆ ಅವನ ಪ್ರಯೋಗಾಲಯದ ಲೈಬ್ರರಿಯಲ್ಲಿ ಒಂದು ಪುಟ್ಟ ಮಂಚ ಇತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಅದನ್ನು ಹಾಗೇ ಕಾಪಾಡಿ ಇಟ್ಟಿದ್ದಾರೆ. ಕೆಲಸದ ಬೆಂಚಿನ ಮೇಲೆ ಅವನು ಮೈಚೆಲ್ಲಿ ಮಲಗಿರುವ ಫೋಟೋವೂ ಇದೆ. ರಾತ್ರಿ ಬಿಟ್ಟದ್ದನ್ನು ಹಗಲಲ್ಲಿ ವಸೂಲಿ ಮಾಡುತ್ತಿದ್ದ ಆಸಾಮಿ. ಜಂಬ ಮಾತ್ರ ರಾತ್ರಿಯ ಲೆಕ್ಕದಲ್ಲಿ.

ದಿನದ ಇಪ್ಪತ್ತನಾಲ್ಕು ಗಂಟೆಯನ್ನು ನಾವು ಹಂಚುವ ರೀತಿ ನೋಡಿ. ಮೊದಲು ಕೆಲಸಕ್ಕೆ. ಆಮೇಲೆ ಹೋಗಿ ಬರುವ ದಾರಿಗೆ. ಅಡುಗೆ, ಮಕ್ಕಳ ಹೋಮ್‌ವರ್ಕ್, ಕಟ್ಟಬೇಕಾದ ಬಿಲ್ಲು, ಮಾತಾಡಿಸದಿದ್ದರೆ ಬೇಜಾರು ಮಾಡಿಕೊಳ್ಳುವ ನೆಂಟರು. ಎಲ್ಲರಿಗೂ ಬಡಿಸಿ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ನಿದ್ದೆಗೆ. ಬೇರೆ ಯಾರ ಪಾಲನ್ನು ಕಡಿಮೆ ಮಾಡಿದರೂ ಗಲಾಟೆ ಆಗುತ್ತದೆ. ನಿದ್ದೆ ಗಲಾಟೆ ಮಾಡುವುದಿಲ್ಲ. ಕಡೇಪಕ್ಷ ಆ ಹೊತ್ತಿಗೆ ಮಾಡುವುದಿಲ್ಲ.

ಆ ಉಳಿದದ್ದರಲ್ಲೂ ಇನ್ನೊಬ್ಬ ಪಾಲುದಾರ ಇದ್ದಾನೆ. ರಾತ್ರಿ ಹತ್ತೂವರೆ. ಮಕ್ಕಳು ಮಲಗಿದರು, ಅಡುಗೆಮನೆ ದೀಪ ಆರಿತು, ಆಫೀಸಿನ ಮೆಸೇಜು ನಿಂತಿತು. ಬೆಳಗಿನಿಂದ ಮೊದಲ ಸಲ ಯಾರೂ ಏನನ್ನೂ ಕೇಳುತ್ತಿಲ್ಲ. ಕಣ್ಣು ಎಳೆಯುತ್ತಿದೆ. ಆದರೂ ಕೈ ಫೋನಿನ ಕಡೆಗೆ ಹೋಗುತ್ತದೆ. ಯಾರೋ ಬೇಯಿಸುತ್ತಿರುವುದು, ಯಾರೋ ಮನೆ ಗುಡಿಸುತ್ತಿರುವುದು, ಯಾರದೋ ನಾಯಿ ಸ್ನಾನ ಮಾಡುತ್ತಿರುವುದು, ಸುಮ್ನೆ ನೋಡುತ್ತಾ ಕೂರುತ್ತೇವೆ. ಇದನ್ನು ಸೋಮಾರಿತನ, ಚಟ ಎಂದೆಲ್ಲ ಬೈಯುವವರ ಜೊತೆ ನಾನು ಸೇರುವುದಿಲ್ಲ. ದಿನವಿಡೀ ಬೇರೆಯವರ ಕೈಯಲ್ಲಿದ್ದವರಿಗೆ ಅದೊಂದು ಗಂಟೆ ಮಾತ್ರ ತಮ್ಮದು. ಅದನ್ನೂ ಬಿಟ್ಟು ಮಲಗಿಬಿಟ್ಟರೆ, ಕಣ್ಣು ಬಿಟ್ಟ ತಕ್ಷಣ ಮತ್ತೆ ನಾಳೆಯ ಕೆಲಸ. ಮಲಗುವುದನ್ನು ಮುಂದಕ್ಕೆ ಹಾಕಿದರೆ ನಾಳೆಯೂ ಒಂಚೂರು ಮುಂದಕ್ಕೆ ಹೋದಂತೆ ಅನ್ನಿಸುತ್ತದೆ.

ಆಮೇಲೆ ಲೆಕ್ಕ ಶುರು. ‘ಈಗ ಹನ್ನೊಂದೂ ಇಪ್ಪತ್ತು. ಈಗಲೇ ನಿದ್ದೆ ಹತ್ತಿದರೆ ಆರು ಗಂಟೆ ಇಪ್ಪತ್ತು ನಿಮಿಷ ಸಿಗುತ್ತೆ.’ ಇನ್ನೊಂದು ವೀಡಿಯೋ. ‘ಹನ್ನೆರಡೂ ಕಾಲು. ಇನ್ನೂ ಐದೂವರೆ ಗಂಟೆ ಇದೆ, ಪರವಾಗಿಲ್ಲ.’ ಒಂದು ಗಂಟೆ ಆದ ಮೇಲೆ ಲೆಕ್ಕ ಮಾಡಲು ಹೆದರಿಕೆ. ಗಡಿಯಾರ ಕಾಣದ ಹಾಗೆ ಮಗ್ಗುಲು ಬದಲಿಸುತ್ತೇವೆ. ಬೆಳಿಗ್ಗೆ ಅಲಾರಂ ಜೊತೆ ಎರಡನೇ ಸುತ್ತಿನ ಮಾತುಕತೆ. ಹತ್ತು ನಿಮಿಷ, ಇನ್ನು ಐದೇ ನಿಮಿಷ. ಆ ಹೊತ್ತಿನಲ್ಲಿ ಸ್ನಾನ ಬೇಕಾ ಬೇಡವಾ, ತಿಂಡಿ ತಿನ್ನದಿದ್ದರೆ ಏನಾಗುತ್ತೆ ಎಂಬ ಗಹನವಾದ ಪ್ರಶ್ನೆಗಳಿಗೆಲ್ಲ ಮನಸ್ಸು ಪಟಪಟನೆ ಉತ್ತರ ಕೊಡುತ್ತದೆ.

ಈ ಕೂಡಿ ಕಳೆಯುವ ಲೆಕ್ಕದಲ್ಲೇ ಒಂದು ತಪ್ಪಿದೆ. ನಿದ್ದೆ ಉದ್ದಕ್ಕೂ ಒಂದೇ ತರಹದ್ದಲ್ಲ. ಸುಮಾರು 90 ನಿಮಿಷಕ್ಕೆ ಒಂದು ಸುತ್ತು. ರಾತ್ರಿಗೆ ನಾಲ್ಕೈದು ಸುತ್ತು. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆ ಜಾಸ್ತಿ. ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆ ಓಡಾಡುವ, ಕನಸು ತುಂಬಿದ ನಿದ್ದೆ ಇದೆಯಲ್ಲ, ಅದು ಜಾಸ್ತಿ ಸಿಗುವುದು ಕೊನೆಯ ಸುತ್ತುಗಳಲ್ಲಿ, ಬೆಳಗಿನ ಜಾವಕ್ಕೆ. ಎಂಟು ಗಂಟೆ ಮಲಗಬೇಕಾದವನು ಆರೇ ಗಂಟೆ ಮಲಗಿ ಎದ್ದರೆ ಕಾಲುಭಾಗ ತಾನೇ ಹೋದದ್ದು ಅಂದುಕೊಳ್ಳುತ್ತಾನೆ. ಆದರೆ ಕನಸಿನ ನಿದ್ದೆಯ ಮಟ್ಟಿಗೆ ನಷ್ಟ ಅದಕ್ಕಿಂತ ಜಾಸ್ತಿ. ದೊಡ್ಡವರಿಗೆ ಕಡೇಪಕ್ಷ ಏಳು ಗಂಟೆ ಬೇಕು ಎಂದು ಅಮೆರಿಕದ ನಿದ್ದೆ ತಜ್ಞರು 2015ರಲ್ಲಿ ಒಟ್ಟಾಗಿ ಹೇಳಿದರು. ಏಳು ಅನ್ನುವುದು ಕೆಳಗಿನ ಮಿತಿ. ನಾವು ಅದನ್ನು ಅಪರೂಪಕ್ಕೆ ಸಿಗುವ ಐಷಾರಾಮ ಮಾಡಿಕೊಂಡಿದ್ದೇವೆ.

‘ನಂಗೆ ಅಭ್ಯಾಸ ಆಗಿಬಿಟ್ಟಿದೆ’ ಅನ್ನುವವರಿಗೆ ಒಂದು ಪ್ರಯೋಗದ ವಿಷಯ ಹೇಳಬೇಕು. 2003ರಲ್ಲಿ ಪ್ರಕಟವಾದದ್ದು. ಆರೋಗ್ಯವಾಗಿದ್ದ ಕೆಲವರನ್ನು 14 ದಿನ ದಿನಕ್ಕೆ ಆರು ಗಂಟೆ ಮಾತ್ರ ಮಲಗಲು ಬಿಟ್ಟರು. ಪ್ರತಿದಿನ ಅವರ ಗಮನ, ಚುರುಕುತನ ಅಳೆದರು. ದಿನದಿಂದ ದಿನಕ್ಕೆ ತಪ್ಪು ಜಾಸ್ತಿಯಾಗುತ್ತಾ ಹೋಯಿತು. ಕೊನೆಗೆ ಒಂದೆರಡು ರಾತ್ರಿ ಪೂರ್ತಿ ಎಚ್ಚರವಾಗಿದ್ದವರ ಮಟ್ಟಕ್ಕೆ ಇಳಿಯಿತು. ನನಗೆ ಮುಖ್ಯ ಅನ್ನಿಸಿದ್ದು ಅದಲ್ಲ. ಎಷ್ಟು ನಿದ್ದೆ ಬರುತ್ತಿದೆ ಎಂದು ಕೇಳಿದರೆ, ‘ಸ್ವಲ್ಪ ಅಷ್ಟೆ’ ಅನ್ನುವುದೇ ಅವರ ಉತ್ತರವಾಗಿತ್ತಂತೆ. ಅಂದರೆ ನಾವು ಅಭ್ಯಾಸ ಮಾಡಿಕೊಳ್ಳುವುದು ನಿದ್ದೆ ಇಲ್ಲದಿರುವುದನ್ನಲ್ಲ; ಅದು ಗೊತ್ತಾಗದೆ ಇರುವುದನ್ನು.

ಗೊತ್ತಾಗದ್ದಕ್ಕೆ ಕಾಫಿಯ ಸಹಾಯವೂ ಇದೆ ಅನ್ನಿ. ಎಚ್ಚರ ಇದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಸೇರಿದಷ್ಟೂ ಕಣ್ಣು ಭಾರ. ಕಾಫಿಯ ಕೆಫೀನ್ ಅದನ್ನು ತೆಗೆದು ಹಾಕುವುದಿಲ್ಲ, ಅದು ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹನ್ನೊಂದರ ಹೊತ್ತಿಗೂ ರಕ್ತದಲ್ಲಿ ಓಡಾಡುತ್ತಿರುತ್ತದೆ.

ಟಿವಿ ಮುಂದಿನ ನಿದ್ದೆಯ ಗುಟ್ಟೂ ಇಲ್ಲೇ ಇದೆ. ಮನೆಯ ಹಿರಿಯರೊಬ್ಬರು ಸೋಫಾದ ಮೇಲೆ. ಕೈಯಲ್ಲಿ ರಿಮೋಟ್. ಕತ್ತು ಒಂದು ಕಡೆ ವಾಲಿದೆ, ಬಾಯಿ ಅರ್ಧ ತೆರೆದಿದೆ, ಸಣ್ಣಗೆ ಗೊರಕೆ. ಮೊಮ್ಮಗ ಮೆಲ್ಲಗೆ ರಿಮೋಟ್ ಎಳೆದುಕೊಂಡು ಚಾನೆಲ್ ಬದಲಾಯಿಸುತ್ತಾನೆ. ಬಾಂಬ್ ಸಿಡಿದರೂ ಏಳದವರು ಅಷ್ಟಕ್ಕೇ ಎದ್ದು, ‘ಯಾಕೋ ಬದಲಾಯಿಸಿದೆ? ನೋಡ್ತಾ ಇದ್ದೆ!’ ಅನ್ನುತ್ತಾರೆ. ಏನು ನೋಡುತ್ತಿದ್ದಿರಿ ಎಂದು ಕೇಳಬಾರದು. ಆಮೇಲೆ ಹಾಸಿಗೆಗೆ ಹೋದರೆ ನಿದ್ದೆ ನಾಪತ್ತೆ. ಹತ್ತು ಗಂಟೆಯವರೆಗೆ ಕೂಡಿಟ್ಟ ಭಾರವನ್ನು ಸೋಫಾದ ಮೇಲೇ ಒಂದಿಷ್ಟು ಇಳಿಸಿಯಾಗಿದೆಯಲ್ಲ. ಹೊರಳಾಡಿದ್ದೇ ಹೊರಳಾಡಿದ್ದು. ಬೆಳಿಗ್ಗೆ ಎಲ್ಲರಿಗೂ ಒಂದೇ ವರದಿ: ‘ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಲಿಲ್ಲ.’

ಭಾನುವಾರ ಎಲ್ಲ ಸೇರಿಸಿ ಮಲಗಿದರಾಯಿತು ಅನ್ನುವ ಯೋಜನೆಯೂ ಪೂರ್ತಿ ನಡೆಯುವುದಿಲ್ಲ. ಒಂದಿಷ್ಟು ಬಾಕಿ ತೀರುತ್ತದೆ, ನಿಜ. ಆದರೆ ಹನ್ನೊಂದಕ್ಕೆ ಎದ್ದವನಿಗೆ ಭಾನುವಾರ ರಾತ್ರಿ ಹನ್ನೊಂದಕ್ಕೆ ನಿದ್ದೆ ಎಲ್ಲಿಂದ ಬರಬೇಕು? ದೇಹದ ಒಳಗಿನ ಗಡಿಯಾರ ಬಲು ಹಠಮಾರಿ. ನಿದ್ದೆಯನ್ನೇ ಜೀವನಪೂರ್ತಿ ಅಧ್ಯಯನ ಮಾಡಿದ ಕ್ಲೈಟ್‌ಮನ್ ಎಂಬ ವಿಜ್ಞಾನಿ 1938ರಲ್ಲಿ ತನ್ನ ವಿದ್ಯಾರ್ಥಿಯನ್ನು ಕರೆದುಕೊಂಡು ಅಮೆರಿಕದ ಮ್ಯಾಮತ್ ಗುಹೆಯೊಳಗೆ ಹೋಗಿ ಒಂದು ತಿಂಗಳಿಗೂ ಮೇಲ್ಪಟ್ಟು ಇದ್ದ. ಸೂರ್ಯನ ಬೆಳಕಿಲ್ಲ, ಗಡಿಬಿಡಿ ಇಲ್ಲ. 24 ಗಂಟೆಯ ಬದಲು 28 ಗಂಟೆಯ ದಿನಕ್ಕೆ ಮೈ ಒಗ್ಗುತ್ತದಾ ನೋಡೋಣ ಎಂದು. ಎಳೆಯ ವಿದ್ಯಾರ್ಥಿಗೆ ಒಗ್ಗಿತು. ನಲವತ್ತು ದಾಟಿದ ಗುರುವಿನ ಮೈ ಮಾತ್ರ ಹಳೆಯ 24 ಗಂಟೆಯನ್ನು ಬಿಡಲೇ ಇಲ್ಲ. ಗುಹೆಯಲ್ಲೇ ಬಗ್ಗದ್ದು ಒಂದು ಭಾನುವಾರಕ್ಕೆ ಬಗ್ಗುತ್ತದೆಯೇ?

ಹಗಲಿನ ಪುಟ್ಟ ನಿದ್ದೆಯ ಬಗ್ಗೆ ನನಗೆ ಪೂರ್ತಿ ಒಲವು. ಇಪ್ಪತ್ತು ನಿಮಿಷದಲ್ಲಿ ಎದ್ದರೆ ತಲೆ ಹಗುರ. ಒಂದು ಗಂಟೆ ಎಳೆದರೆ ಗಾಢ ನಿದ್ದೆಯ ಮಧ್ಯೆ ಎದ್ದು, ಇದು ಬೆಳಿಗ್ಗೆಯೋ ಸಂಜೆಯೋ ತಿಳಿಯದೆ ಪೆಚ್ಚಾಗಿ ಕೂರಬೇಕು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಲಗುವುದಿಲ್ಲ? ರೂಮು ಕತ್ತಲಾಗಿರಲಿ, ತಣ್ಣಗಿರಲಿ, ದಿನಾ ಒಂದೇ ಹೊತ್ತಿಗೆ ಮಲಗಿ, ಫೋನ್ ದೂರ ಇಡಿ. ಸಲಹೆಗಳೆಲ್ಲ ಸರಿಯೇ. ಆದರೆ ಅವು ತನ್ನದೇ ರೂಮು, ತನ್ನದೇ ಸಂಜೆ ಇರುವವರಿಗೆ. ಎರಡು ಗಂಟೆಗೊಮ್ಮೆ ಎದ್ದು ಅಳುವ ಕೂಸಿನ ತಾಯಿಗೆ, ವಾರಕ್ಕೊಮ್ಮೆ ಬದಲಾಗುವ ಶಿಫ್ಟಿನವನಿಗೆ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರಿಗೆ ‘ಬೇಗ ಮಲಗಿ’ ಅಂದರೆ ನಗು ಬರುತ್ತದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರಲ್ಲ, ಆ ಸಂತೆಯಲ್ಲಿ ಅವನ ಗಂಟು ಕಾಯುವವರು ಯಾರೋ ಎಚ್ಚರ ಇದ್ದಿರಬೇಕು. ಒಬ್ಬರು ನೆಮ್ಮದಿಯಾಗಿ ಮಲಗಬೇಕಾದರೆ ಇನ್ನೊಬ್ಬರು ಒಂದಿಷ್ಟು ಹೊತ್ತು ಎದ್ದಿರಬೇಕು. ‘ನೀನು ಮಲಗು, ನಾನು ನೋಡ್ಕೋತೀನಿ’ ಅನ್ನುವ ಒಬ್ಬರು ಮನೆಯಲ್ಲಿದ್ದರೆ ಅರ್ಧ ಸಲಹೆಗಳು ಬೇಕಾಗುವುದೇ ಇಲ್ಲ.

ಹಾಗೆ ಹೇಳಿಸಿಕೊಂಡವರು ತಕ್ಷಣ ಮಲಗುತ್ತಾರೆ ಅಂತೇನೂ ಅಲ್ಲ. ಹೇಳಿದ ಮೇಲೆ ಒಣಗಿದ ಬಟ್ಟೆ ಮಡಚುತ್ತಾರೆ. ಮಗುವಿನ ಬಾಟಲಿ ಎಲ್ಲಿದೆ ಎಂದು ತೋರಿಸುತ್ತಾರೆ, ಹಿಂದೆ ತೋರಿಸಿದ್ದನ್ನೇ. ಕೊನೆಗೆ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಎರಡು ನಿಮಿಷಕ್ಕೆ ಒಳಗಿನಿಂದ ದನಿ ಬರುತ್ತದೆ: ‘ರೀ, ಗ್ಯಾಸ್ ಆಫ್ ಮಾಡಿದ್ರಾ?’