ಕಾಬ್ ಬೆನ್ನು ಹಾಕಿದ ಬುಗುರಿ

ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ, ಹೊರಗೆ ಆಟಿಯ ಮಳೆ ಬಿಡದೆ ಸುರಿಯುತ್ತಿದ್ದ ರಾತ್ರಿ, ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ಇನ್ಸೆಪ್ಷನ್’ ಚಿತ್ರವನ್ನು ಮೂರನೆಯ ಬಾರಿ ನೋಡಿದೆ. 2010ರಲ್ಲಿ ತೆರೆಕಂಡ ಈ ಚಿತ್ರದ ಮಾತು ಬಂದಾಗಲೆಲ್ಲ ಚರ್ಚೆ ಕೊನೆಯ ದೃಶ್ಯಕ್ಕೇ ಹೋಗಿ ನಿಲ್ಲುತ್ತದೆ. ಮೇಜಿನ ಮೇಲೆ ತಿರುಗುವ ಬುಗುರಿ ಬಿದ್ದರೆ ಇತರರ ಕನಸಿನೊಳಗೆ ಹೊಕ್ಕು ಗುಟ್ಟು ಕದಿಯುವ ನಾಯಕ ಕಾಬ್ ಎಚ್ಚರದಲ್ಲಿದ್ದಾನೆ, ಬೀಳದಿದ್ದರೆ ಕನಸಿನಲ್ಲಿದ್ದಾನೆ ಎಂಬ ಲೆಕ್ಕಾಚಾರದಲ್ಲಿ ಮುಳುಗಿದವರಿಗೆ ಚಿತ್ರದ ಅತ್ಯಂತ ನೋವಿನ ಭಾಗ ಕಾಣದೆ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಆ ಬುಗುರಿ ಮೊದಲಿಗೆ ಅವನ ಹೆಂಡತಿ ಮಾಲ್ ಎಂಬವಳದು. ಕನಸಿನ ತೀರಾ ಆಳದಲ್ಲಿ ಇಬ್ಬರೂ ಸುಮಾರು 50 ವರ್ಷ ಬಾಳಿದ ಮೇಲೆ, ಅದನ್ನೇ ನಿಜವೆಂದು ನಂಬಿ ಮರಳಲೊಪ್ಪದ ಅವಳ ಮನಸ್ಸಿನ ತಿಜೋರಿಯನ್ನು ತೆರೆದು, ಒಳಗಿದ್ದ ಬುಗುರಿಯನ್ನು ತಿರುಗಿಸಿ, ‘ಈ ಲೋಕ ನಿಜವಲ್ಲ’ ಎಂಬ ಒಂದೇ ಒಂದು ಅನುಮಾನವನ್ನು ಕಾಬ್ ಬಿತ್ತುತ್ತಾನೆ. ಅವಳು ಎಚ್ಚರಗೊಂಡಾಗ ಆ ಅನುಮಾನವೂ ಅವಳೊಂದಿಗೆ ಎಚ್ಚರಗೊಂಡಿತು. ಎದುರಿಗಿರುವ ಮಕ್ಕಳು ತನ್ನವರಲ್ಲವೆಂದು ನಂಬಿದ ಆ ತಾಯಿ, ಎಚ್ಚರವಾಗಲೆಂದೇ ಹೋಟೆಲಿನ ಕಿಟಕಿಯಿಂದ ಹಾರಿ ಪ್ರಾಣ ಬಿಟ್ಟಳು.

ಕುಂಬಳೆ ಸೀಮೆಯಲ್ಲಿ ಯಕ್ಷಗಾನ ನೋಡುತ್ತ ಬೆಳೆದ ನನಗೆ ಇಲ್ಲಿ ಬಾಣಾಸುರನ ಮಗಳು ಉಷೆಯ ನೆನಪಾಗುತ್ತದೆ. ಕನಸಿನಲ್ಲಿ ಕಂಡವನಿಗಾಗಿ ಅವಳು ಹಂಬಲಿಸಿದಾಗ, ಸಖಿ ಚಿತ್ರಲೇಖೆ ಒಬ್ಬೊಬ್ಬರ ಚಿತ್ರ ಬರೆದು ತೋರಿಸಿ, ಅವನು ಅನಿರುದ್ಧನೆಂದು ತಿಳಿದು, ದ್ವಾರಕೆಯಲ್ಲಿ ಮಲಗಿದ್ದವನನ್ನು ಎತ್ತಿಯೇ ತರುತ್ತಾಳೆ. (ತಾಳಮದ್ದಳೆಯ ಅರ್ಥಧಾರಿಗಳು ಈ ಸನ್ನಿವೇಶವೊಂದನ್ನೇ ಎಷ್ಟು ಹೊತ್ತು ಬೆಳೆಸಬಲ್ಲರು ಎಂಬುದು ನಮ್ಮೂರಿನವರಿಗೆ ಗೊತ್ತು.) ಉಷೆಯ ಕನಸನ್ನು ನಂಬಿ ಹುಡುಕಲು ಹೊರಟ ಗೆಳತಿಯೊಬ್ಬಳಿದ್ದಳು. ಮಾಲ್‌ಗೆ ಅಂಥವರು ಯಾರಿದ್ದರು? ಇದು ಎಚ್ಚರವೆಂದು ಗಂಡ ಎಷ್ಟು ಬೇಡಿಕೊಂಡರೂ ಅವನ ಮಾತು ಸಾಕ್ಷಿಯಾಗಲಾರದು, ಏಕೆಂದರೆ ಅವಳ ನಂಬಿಕೆಯ ಬೇರನ್ನು ಅಲುಗಿಸಿದವನು ಅವನೇ.

ಪದರಪದರವಾಗಿ ಕನಸಿನೊಳಗೆ ಕನಸನ್ನು ಜೋಡಿಸಿದ ಕಥನದ ಜಾಣ್ಮೆಯನ್ನಾಗಲಿ, ದೃಶ್ಯ ಮತ್ತು ಧ್ವನಿ ವಿಭಾಗಗಳಲ್ಲಿ ಚಿತ್ರಕ್ಕೆ ದೊರೆತ 4 ಆಸ್ಕರ್‌ಗಳನ್ನಾಗಲಿ ನಾನು ಕಡೆಗಣಿಸುತ್ತಿಲ್ಲ. ತಲೆಕೆಳಗಾಗುವ ಹೋಟೆಲ್ ಪಡಸಾಲೆಯ ಹೊಡೆದಾಟಕ್ಕಾಗಿ ನಿಜವಾಗಿಯೂ ಸುತ್ತುವ ಪಡಸಾಲೆಯನ್ನೇ ಕಟ್ಟಿಸಿದ್ದರು. ಕೈಗೆ ಸಿಗುವ ಗೋಡೆಯಲ್ಲಿ ಕನಸನ್ನು ಕಟ್ಟಿದ್ದರಿಂದಲೇ ಅದು ಎಚ್ಚರದಷ್ಟು ಗಟ್ಟಿಯಾಗಿ ಕಾಣುತ್ತದೆ, ಮಾಲ್ ಮೋಸಹೋದದ್ದು ಹೇಗೆಂದು ನಮಗೂ ಅರ್ಥವಾಗುತ್ತದೆ.

ಚಿತ್ರದುದ್ದಕ್ಕೂ ನೆನಪಿನಲ್ಲಿ ಮಕ್ಕಳು ಬೆನ್ನು ತೋರಿಸಿಕೊಂಡೇ ಆಡುತ್ತಿರುತ್ತಾರೆ. ಕೊನೆಯಲ್ಲಿ ಕಾಬ್ ಬುಗುರಿಯನ್ನು ತಿರುಗಿಸುತ್ತಾನೆ, ಆದರೆ ಅದು ಬೀಳುವುದನ್ನು ಕಾಯುವುದಿಲ್ಲ. ಹೆಂಡತಿಯ ಜೀವ ತೆಗೆದ ಆ ಪರೀಕ್ಷೆಗೆ ಬೆನ್ನು ಹಾಕಿ ಅವನು ಹಿತ್ತಿಲಿನತ್ತ ನಡೆಯುತ್ತಾನೆ, ಮಕ್ಕಳು ಮುಖ ತಿರುಗಿಸಿ ಅವನನ್ನು ನೋಡುತ್ತಾರೆ.